ನೂರು ಅಡಿಯೊಳಗೆ ಬೆಂಕಿ ಹಚ್ಚಬಾರದು

ಮೇಲಿನ ವಾಯುಮಂಡಲದ ಅಧ್ಯಯನಕ್ಕೆ ಹೊಸದಾಗಿ ಸೇರುವ ತರುಣರು ನನ್ನನ್ನು ಕಂಡಾಗ ಮೊದಲು ಕೇಳುವುದು ಒಂದೇ ಪ್ರಶ್ನೆ: ರಾಕೆಟ್ ಮೇಲೇರುವುದನ್ನು ಹತ್ತಿರದಿಂದ ನೋಡಿದರೆ ಹೇಗಿರುತ್ತದೆ? ನನಗೆ ಗೊತ್ತಿಲ್ಲ. ಅದು ಏರುವ ಹೊತ್ತಿಗೆ ನಾನು ಯಾವಾಗಲೂ ಕಿಟಕಿಯಿಲ್ಲದ ಕೋಣೆಯಲ್ಲಿ ರೇಡಿಯೋ ಗ್ರಾಹಕದ ಮುಂದೆ ಕೂತಿರುತ್ತಿದ್ದೆ. ಒಂದು ಸಲ ಮಾತ್ರ ಹೊರಗೆ ನಿಲ್ಲುವ ಅವಕಾಶ ಸಿಕ್ಕಿತ್ತು. ಆಗ ಚಪ್ಪಲಿಯೊಳಗೆ ಸೇರಿದ್ದ ಮರಳನ್ನು ಕೊಡವುತ್ತಿದ್ದೆ. ತಲೆ ಎತ್ತಿದಾಗ ಬರೀ ಹೊಗೆ ಉಳಿದಿತ್ತು.

ಆದ್ದರಿಂದ ಇಲ್ಲಿ ನಾನು ಕಂಡದ್ದನ್ನು ಮಾತ್ರ ಬರೆಯುತ್ತೇನೆ. ಕಂಡೆನೆಂದು ತಿಳಿದುಕೊಂಡದ್ದನ್ನು ಬೇರೆಯಾಗಿ ಬರೆಯುತ್ತೇನೆ. ಇವೆರಡೂ ಬೇರೆಬೇರೆ ಎಂದು ಕಲಿಯಲು ನನಗೆ ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆ ಬೇಕಾಯಿತು. ಪಾಠ ನನ್ನದು, ಉಪವಾಸ ಬೇರೆಯವರದು.

ಕೆಲಸದ ಬಗ್ಗೆ ಒಂದೆರಡು ಮಾತು ಮೊದಲೇ ಹೇಳಬೇಕು. ದೊಡ್ಡ ಬಲೂನು ಮೂವತ್ತು, ಮೂವತ್ತೈದು ಕಿಲೋಮೀಟರಿನವರೆಗೆ ಏರುತ್ತದೆ, ಅದಕ್ಕಿಂತ ಮೇಲೆ ಅದನ್ನು ಎತ್ತಿ ಹಿಡಿಯುವಷ್ಟು ಗಾಳಿಯೇ ಇಲ್ಲ. ಉಪಗ್ರಹ ಅಷ್ಟು ಕೆಳಗೆ ಇಳಿದರೆ ಬಾಳುವುದಿಲ್ಲ. ಈ ನಡುವಿನ ಪಟ್ಟಿಯನ್ನು ಮುಟ್ಟಿ ನೋಡಬೇಕೆಂದರೆ ಚಿಕ್ಕ ರಾಕೆಟ್ ಒಂದೇ ದಾರಿ. ಅದು ನೆಟ್ಟಗೆ ಏರುತ್ತದೆ, ತಲೆಯಲ್ಲಿರುವ ಉಪಕರಣ ತನಗೆ ಕಂಡದ್ದನ್ನು ರೇಡಿಯೋದಲ್ಲಿ ಹೇಳುತ್ತ ಹೋಗುತ್ತದೆ, ಆಮೇಲೆ ಬೀಳುತ್ತದೆ. ಎಲ್ಲ ಸೇರಿ ಐದಾರು ನಿಮಿಷ. ಆ ನಿಮಿಷಗಳಿಗಾಗಿ ಮೂರು ಮೂರು ವರ್ಷ ದುಡಿದವರನ್ನು ನಾನು ಬಲ್ಲೆ.

ನನ್ನ ಮೊದಲನೆಯ ರಾಕೆಟ್ಟಿನ ನಿಮಿಷಗಳು ಹೀಗೆ ಕಳೆದವು. ದಕ್ಷಿಣದ ಕಡಲ ತೀರದಲ್ಲಿ, ಸುತ್ತುವ ಕಾಗದದ ಮೇಲೆ ಗೆರೆ ಎಳೆಯುವ ಯಂತ್ರವನ್ನು ನನಗೆ ಒಪ್ಪಿಸಿದ್ದರು. ಕಾಗದವನ್ನು ಮೂರು ಸಲ ಪರೀಕ್ಷಿಸಿದೆ. ಗಡಿಯಾರವನ್ನು ಆಕಾಶವಾಣಿಗೆ ಸರಿಹೊಂದಿಸಿದೆ. ರಾಕೆಟ್ ಏರಿತು, ಕಾಗದ ಸುತ್ತಿತು, ಪೆನ್ನು ಆಚೆಯಿಂದ ಈಚೆಗೆ ಬಹಳ ಶ್ರದ್ಧೆಯಿಂದ ಓಡಾಡಿತು. ಅದರಲ್ಲಿ ಶಾಯಿ ಇರಲಿಲ್ಲ. ಟೇಪಿನ ಮೇಲೂ ದಾಖಲೆಯಾಗುತ್ತಿದ್ದದ್ದರಿಂದ ನನ್ನ ನೌಕರಿ ಉಳಿಯಿತು. ನಮ್ಮ ತಂಡದ ಮುಖ್ಯಸ್ಥರು ಇನಾಮದಾರ ಸಾಹೇಬರು, ವಿಜಾಪುರದ ಕಡೆಯವರು. ಬೈಯುವಾಗ ಅವರು ದನಿ ಏರಿಸುತ್ತಿರಲಿಲ್ಲ. ಆ ಬಿಳಿ ಕಾಗದದ ಸುರುಳಿಯನ್ನು ಪೂರ್ತಿ ಬಿಚ್ಚಿ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಓದಿದಂತೆ ಮಾಡಿ, ಮತ್ತೆ ಸುತ್ತಿ ನನ್ನ ಕೈಗೆ ಕೊಟ್ಟರು. "ನೀ ಸೊಲ್ಲಾಪುರಕ್ಕ ಹೋಗಪಾ," ಎಂದರು. "ಅಲ್ಲಿ ಶಾಯಿ ಕೆಲಸ ಇಲ್ಲ. ಬರೇ ಮುಗಿಲು ನೋಡೂದು."

ಅದು ಶಿಕ್ಷೆಯಲ್ಲ ಎಂದು ಆಮೇಲೆ ವಿವರಿಸಿದರು. ರಾಕೆಟ್ಟಿಗೆ ಹಾಕುವ ಉಪಕರಣವನ್ನು ಮೊದಲು ಬಲೂನಿನಲ್ಲಿ ಕಳಿಸಿ, ಮೇಲಿನ ಚಳಿಯಲ್ಲೂ ತೆಳುಗಾಳಿಯಲ್ಲೂ ಅದು ಸರಿಯಾಗಿ ನಡೆಯುತ್ತದೆಯೇ ಎಂದು ನೋಡುವ ರೂಢಿ. ಬಲೂನನ್ನು ಪೂರ್ವದಲ್ಲಿ ದೂರದಿಂದ ಬಿಡುತ್ತಿದ್ದರು. ಬೇಸಿಗೆಯಲ್ಲಿ ಎತ್ತರದ ಗಾಳಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುವುದರಿಂದ ಅದು ತೇಲಿ ಸೊಲ್ಲಾಪುರದ ಕಡೆಗೇ ಬರುತ್ತಿತ್ತು. ಪೆಟ್ಟಿಗೆಯೊಳಗಿನ ಗಡಿಯಾರ ನಿಗದಿಯಾದ ಹೊತ್ತಿಗೆ ಹಗ್ಗವನ್ನು ಕತ್ತರಿಸಿದರೆ, ಪೆಟ್ಟಿಗೆ ಪ್ಯಾರಾಶೂಟಿನಲ್ಲಿ ಇಳಿಯುತ್ತಿತ್ತು. ಎಲ್ಲಿ ಇಳಿಯಿತೆಂದು ದುರ್ಬೀನಿನಿಂದ ನೋಡಿ ಲೆಕ್ಕ ಹಾಕಿ, ಹಳ್ಳಿಗೆ ಹೋಗಿ ತರಬೇಕು. ನಾನು ಅಕ್ಕಲಕೋಟದವನು, ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಮರಾಠಿ. ಎರಡರಲ್ಲೂ ಮಂದಿಯ ಹತ್ತಿರ ಮಾತಾಡಬಲ್ಲೆ ಎಂಬುದೇ ನನ್ನ ಅರ್ಹತೆ. ಈಗಿನ ಪೆಟ್ಟಿಗೆಗಳು ತಾವೆಲ್ಲಿದ್ದೇವೆಂದು ತಾವೇ ಹೇಳುತ್ತವೆ. ನನ್ನಂಥವನನ್ನು ಈಗ ಯಾರೂ ಇಟ್ಟುಕೊಳ್ಳುವುದಿಲ್ಲ. ಈ ಲೇಖನ ಓದಿದ ಮೇಲೆ ಅದು ಸರಿ ಎಂದು ನಿಮಗೂ ಅನ್ನಿಸಬಹುದು.

ಸೊಲ್ಲಾಪುರದಲ್ಲಿ ಒಬ್ಬ ಜವಳಿ ವ್ಯಾಪಾರಿಯ ಮನೆಯ ಮಾಳಿಗೆಯನ್ನೂ ಅದರ ಮೇಲಿನ ಒಂದು ಕೋಣೆಯನ್ನೂ ನಮಗೆ ಬಾಡಿಗೆಗೆ ಹಿಡಿದುಕೊಟ್ಟಿದ್ದರು. ಮಾಳಿಗೆಯ ಮೂಲೆಯಲ್ಲಿ ನನ್ನ ಥಿಯೋಡೊಲೈಟ್. ಅದು ಮೂರು ಕಾಲಿನ ದುರ್ಬೀನು. ನೋಡುತ್ತಿರುವ ವಸ್ತು ಯಾವ ದಿಕ್ಕಿನಲ್ಲಿ, ಎಷ್ಟು ಎತ್ತರದಲ್ಲಿದೆ ಎಂದು ಡಿಗ್ರಿಗಳಲ್ಲಿ ತೋರಿಸುತ್ತದೆ. ಉಳಿದ ಮಾಳಿಗೆಯ ತುಂಬ ಹಪ್ಪಳ, ಶಂಡಿಗೆ. ಮನೆಯ ಯಜಮಾನತಿ ಪಾರ್ವತಕ್ಕ ಮೊದಲ ದಿನವೇ ನನಗೆ ಕರಾರು ಹಾಕಿದ್ದರು: "ಹೆಂಗೂ ದಿನಾ ಪೂರ್ತಿ ಇಲ್ಲೇ ನಿಂತಿರ್ತೀರಿ. ಕಾಗಿ ಬಂದ್ರ ಹುಶ್ ಅನ್ರಿ ಸಾಕು."

ಆ ಸಲದ ಉಪಕರಣ ವತ್ಸಲಾ ಮೇಡಂ ಅವರದು. ಮೈಸೂರಿನವರು, ಮಿತ ಮಾತಿನವರು. ಎತ್ತರದ ಗಾಳಿ ತನ್ನೊಳಗೆ ಎಷ್ಟು ವಿದ್ಯುತ್ತನ್ನು ಹರಿಯಗೊಡುತ್ತದೆ ಎಂದು ಅಳೆಯುವ ಉಪಕರಣ ಅದು. ಅಂಥದ್ದು ಒಂದೇ ಇತ್ತು, ಎರಡನೆಯದನ್ನು ಮಾಡಲು ಸಾಮಾನು ಇರಲಿಲ್ಲ. ಬಲೂನಿನಲ್ಲಿ ಅದರ ಜೊತೆಗೆ ಒಂದು ಕ್ಯಾಮರಾ ಇಟ್ಟಿದ್ದರು. ಉಪಕರಣದ ಅಳತೆ ತೋರಿಸುವ ಮುಳ್ಳು ಎಲ್ಲಿದೆ ಎಂದು ಅದು ಅರ್ಧರ್ಧ ನಿಮಿಷಕ್ಕೆ ಒಂದು ಚಿತ್ರ ತೆಗೆಯುತ್ತಿತ್ತು. ಆ ಫಿಲ್ಮು ನೋಡಿ, ಮುಳ್ಳು ಸರಿಯಾಗಿ ನಡೆದಿದೆ ಎಂದಾದರೆ, ಮುಂದಿನ ವಾರ ಉಪಕರಣ ರಾಕೆಟ್ಟಿನ ತಲೆಯೊಳಗೆ ಹೋಗಬೇಕು. ರೈಲಿನಲ್ಲಿ ಕಡಲ ತೀರ ಮುಟ್ಟಲು ಬೇಕಾಗುವ ದಿನಗಳನ್ನು ಕಳೆದರೆ ಶುಕ್ರವಾರ ಸಂಜೆಯೊಳಗೆ ಪೆಟ್ಟಿಗೆ, ಫಿಲ್ಮು ಎರಡೂ ಕೈಯಲ್ಲಿರಬೇಕು. ತಪ್ಪಿದರೆ ಆ ಜಾಗ ಬೇರೆ ಗುಂಪಿಗೆ. ಮೇಡಂ ಮೂರು ವರ್ಷ ಕಾದಿದ್ದರು, ಮತ್ತೆ ಯಾವಾಗ ಸಿಗುತ್ತದೆ ಎಂದು ಹೇಳಬಲ್ಲವರು ಯಾರೂ ಇರಲಿಲ್ಲ. ಅವರೂ ಸಾಹೇಬರೂ ಸೊಲ್ಲಾಪುರಕ್ಕೇ ಬಂದು ಕೂತಿದ್ದರು.

ಮಂಗಳವಾರ ಬೆಳಗಿನ ಜಾವ ಬಲೂನು ಬಿಟ್ಟರು. ಹತ್ತು ಗಂಟೆಯ ಸುಮಾರಿಗೆ ಪೂರ್ವದ ಅಂಚಿನಲ್ಲಿ ನನಗೆ ಸಿಕ್ಕಿತು, ಸುಣ್ಣದ ಚುಕ್ಕೆಯಂತೆ. ಇದನ್ನು ನಾನು ಕಂಡದ್ದು ಖಂಡಿತ. ಐದು ನಿಮಿಷಕ್ಕೊಮ್ಮೆ ಡಿಗ್ರಿ ಬರೆಯುತ್ತ ಹೋದೆ. ಹನ್ನೊಂದು ಗಂಟೆಗೆ ಒಂದು ಕಾಗೆ ಬಂತು. ಕಣ್ಣು ತೆಗೆದು, ಹುಶ್ ಎಂದೆ. ಹೋಗಲಿಲ್ಲ. ನಾಲ್ಕು ಹೆಜ್ಜೆ ಹೋಗಿ ಓಡಿಸಿ ಬಂದೆ. ಒಂದು ನಿಮಿಷ ಆಗಿರಬಹುದು, ಹೆಚ್ಚಿಲ್ಲ. ಆ ಹೊತ್ತಿಗೆ ಒಂದು ತುಂಡು ಮೋಡ ಅಡ್ಡ ಬಂದಿತ್ತು. ಮೋಡ ಸರಿದ ಮೇಲೆ ಹುಡುಕಿದೆ. ಚುಕ್ಕೆ ಸಿಕ್ಕಿತು, ಅಷ್ಟೇ ಎತ್ತರದಲ್ಲಿ, ಅಷ್ಟೇ ಬೆಳ್ಳಗೆ. ಆದರೆ ಮೊದಲಿದ್ದ ಜಾಗದಿಂದ ಇಪ್ಪತ್ತೈದು ಡಿಗ್ರಿ ಎಡಕ್ಕೆ.

ಇಲ್ಲಿ ನಿಂತು ಯೋಚಿಸಬೇಕಿತ್ತು. ಯೋಚಿಸಿದೆ ಕೂಡ. ಮೇಲಿನ ಗಾಳಿ ಇದ್ದಕ್ಕಿದ್ದಂತೆ ದಿಕ್ಕು ಬದಲಿಸಿದೆ, ಇದನ್ನು ಇದುವರೆಗೆ ಯಾರೂ ಗಮನಿಸಿರಲಾರರು ಎಂದು ತೀರ್ಮಾನಿಸಿ, ದಾಖಲೆಯ ಅಂಚಿನಲ್ಲಿ ನಾಲ್ಕು ಸಾಲಿನ ಟಿಪ್ಪಣಿ ಬರೆದೆ. ಕೆಳಗೆ ಸಹಿ ಕೂಡ ಮಾಡಿದೆ.

ಹನ್ನೆರಡಕ್ಕೆ ಗಡಿಯಾರ ಹಗ್ಗ ಕತ್ತರಿಸಬೇಕಿತ್ತು. ನನ್ನ ಚುಕ್ಕೆ ಇಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಪೆಟ್ಟಿಗೆಯಿಂದ ನಮಗೆ ಕೇಳಿಬರುತ್ತಿದ್ದ ರೇಡಿಯೋ ಸದ್ದು ನಿಂತಿತು. ಇಳಿದು ಗುಡ್ಡದ ಮರೆಗೆ ಹೋದರೂ ನಿಲ್ಲುತ್ತದೆ ಎಂದು ಮೇಡಂ ಅನುಮಾನಿಸಿದರು. ಇಲ್ಲ, ಬ್ಯಾಟರಿ ಸತ್ತಿರಬೇಕು, ಬಲೂನು ನನ್ನ ಕಣ್ಣ ಮುಂದೆಯೇ ಇದೆ ಎಂದೆ. ಅವರೂ ದುರ್ಬೀನಿನಲ್ಲಿ ನೋಡಿದರು. ಬಿಳಿ ಚುಕ್ಕೆ ಇತ್ತು. ಮೂರು ಗಂಟೆಗೆ ಅದು ನೆತ್ತಿಗೆ ಬಂತು, ನಂತರ ಪಶ್ಚಿಮಕ್ಕೆ ವಾಲಿತು. ಹಗ್ಗ ಕತ್ತರಿಸಿಲ್ಲ, ಬಲೂನು ಮಂಗಳವೇಢೆಯ ಕಡೆಗೆ ಹೊರಟಿದೆ ಎಂದು ನಾನು ವರದಿ ಕೊಟ್ಟೆ. ನಾಲ್ಕು ಗಂಟೆಗೆ ಕೋಣೆಗೆ ಬೀಗ ಹಾಕಿ, ಸಾಹೇಬರು, ಮೇಡಂ, ನಾನು ಮತ್ತು ಚಾಲಕ ಜೀಪಿನಲ್ಲಿ ಅದರ ಬೆನ್ನು ಹತ್ತಿದೆವು. ಸಂಜೆ ಅದು ಎದುರಿಗೇ ಹೊಳೆಯುತ್ತಿತ್ತು. "ಬಿಡಬ್ಯಾಡ, ಹಿಡಿ," ಎಂದು ಸಾಹೇಬರು ಚಾಲಕನಿಗೆ ಹೇಳುತ್ತಿದ್ದರು.

ಬುಧವಾರ ಪೂರ್ತಿ ಆ ಕಡೆಯ ಹಳ್ಳಿಗಳನ್ನು ತಿರುಗಿದೆವು. ಯಾರೂ ಏನನ್ನೂ ಕಂಡಿರಲಿಲ್ಲ. ಹೊತ್ತು ಮುಳುಗುವಾಗ ಮಂಗಳವೇಢೆಯ ಹೊರಗೆ ಒಂದು ಚಹಾದ ಅಂಗಡಿಯ ಮುಂದೆ ನಿಂತೆವು. ತಲೆ ಎತ್ತಿದರೆ ಪಶ್ಚಿಮದಲ್ಲಿ ನಮ್ಮ ಬಲೂನು, ನಿನ್ನೆ ಇದ್ದ ಜಾಗದಲ್ಲೇ. ನನಗೆ ಖುಷಿಯಾಯಿತು. ಅಂಗಡಿಯವನಿಗೆ ಬೆರಳು ಮಾಡಿ ತೋರಿಸಿ, ಅದು ನಮ್ಮದು, ನಿನ್ನೆಯಿಂದ ನೋಡಿದ್ದೀರೇನು ಎಂದು ಕೇಳಿದೆ.

ಅವನು ಚಹಾ ಸೋಸುತ್ತ ಒಮ್ಮೆ ನೋಡಿದ. "ನಿಮ್ಮದೇನ್ರಿ ಅದು?" ಎಂದ. "ಸಂಕ್ರಾಂತಿ ಆದಾಗಿಂದ ದಿನಾ ಬರಾಕತ್ತದಲ್ರಿ."

ಸಂಜೆಯ ಶುಕ್ರಗ್ರಹ ಹಗಲಿಡೀ ಸೂರ್ಯನ ಹಿಂದೆಯೇ ಆಕಾಶ ದಾಟುತ್ತದೆ, ಒಳ್ಳೆಯ ದುರ್ಬೀನಿಗೆ ಹಗಲಲ್ಲೂ ಬಿಳಿ ಚುಕ್ಕೆಯಾಗಿ ಕಾಣುತ್ತದೆ ಎಂದು ನಾನು ಓದಿದ್ದೆ. ಪರೀಕ್ಷೆಯಲ್ಲಿ ಬರೆದಿದ್ದೆ. ಮೇಡಂ ಅರ್ಧ ಕುಡಿದ ಗ್ಲಾಸನ್ನು ಕೆಳಗಿಟ್ಟು ಹೋಗಿ ಜೀಪಿನಲ್ಲಿ ಕೂತರು. ಸಾಹೇಬರು ಪೂರ್ತಿ ಕುಡಿದರು.

"ಹಂಗಾರ ಶುಕ್ರ ಇಳಿಯೂತನಾ ಇಲ್ಲೇ ಕುಂಡ್ರೂಣೇನಪಾ?" ಎಂದರು.

ಸೊಲ್ಲಾಪುರಕ್ಕೆ ಬಂದು ಬೀಗ ತೆಗೆದರೆ, ಬಾಗಿಲ ಸಂದಿನಿಂದ ಅಂಚೆಯವನು ಒಳಗೆ ತೂರಿಸಿದ ಒಂದು ತಾರು ಬಿದ್ದಿತ್ತು. ಪೂರ್ವಕ್ಕಿರುವ ಅಕ್ಕಲಕೋಟದಿಂದ, ಮಂಗಳವಾರ ಮಧ್ಯಾಹ್ನ ಕೊಟ್ಟದ್ದು. ಕುರನೂರಿನ ಹತ್ತಿರದ ಒಂದು ಹಳ್ಳಿಯ ಹೆಸರು, ಆಮೇಲೆ ಇಷ್ಟೇ: ಪೆಟ್ಟಿಗೆ ಬಂದಿದೆ, ಸೂಚನೆ ಪಾಲಿಸುತ್ತಿದ್ದೇವೆ, ಬೇಗ ಬನ್ನಿ. ನಾವು ಪಶ್ಚಿಮಕ್ಕೆ ಹೊರಟು ಒಂದು ಗಂಟೆಯೊಳಗೆ ಅದು ಬಂದಿರಬೇಕು. ಎರಡು ದಿನ ಬಿಸಿಲಲ್ಲಿ ಬಿದ್ದಿದ್ದರೆ ಫಿಲ್ಮು ಬೆಂದು ಕಪ್ಪಾಗಿರುತ್ತದೆ ಎಂದು ಮೇಡಂ ಹೇಳಿದರು. ಅದು ನನಗೆ ಹೇಳಿದ ಮಾತಲ್ಲ. ಗೋಡೆಗೆ ಹೇಳಿದಂತಿತ್ತು.

ಸೂಚನೆ ಎಂದರೆ ಪೆಟ್ಟಿಗೆಗೆ ಅಂಟಿಸುತ್ತಿದ್ದ ಚೀಟಿ. ಕನ್ನಡದಲ್ಲೂ ಮರಾಠಿಯಲ್ಲೂ ಅದನ್ನು ಬರೆದವನು ನಾನೇ. ಇದು ಸರ್ಕಾರಿ ಕೆಲಸದ ನಾಜೂಕು ಯಂತ್ರ, ತೆರೆಯಬಾರದು, ಇದ್ದ ಸ್ಥಳದಿಂದ ಕದಲಿಸಬಾರದು, ಈ ವಿಳಾಸಕ್ಕೆ ತಿಳಿಸಬೇಕು. ಇಷ್ಟು ಬರೆದ ಮೇಲೂ ಕಾಗದದಲ್ಲಿ ಜಾಗ ಉಳಿದಿತ್ತು. ಬಲೂನಿಗೆ ತುಂಬುವ ಅನಿಲದ ಸಿಲಿಂಡರಿನ ಮೇಲೆ ಒಂದು ಒಳ್ಳೆಯ ಸಾಲು ಇತ್ತು. ಅದನ್ನೂ ಇಳಿಸಿಕೊಂಡೆ: ನೂರು ಅಡಿಯೊಳಗೆ ಬೆಂಕಿ ಹಚ್ಚಬಾರದು. ಸಾಹೇಬರಿಗೆ ತೋರಿಸಿದಾಗ ಅಕ್ಷರ ಛಲೋ ಅದಾವ ಎಂದು ಸಹಿ ಮಾಡಿದ್ದರು.

ಗುರುವಾರ ಬೆಳಗಾಗುತ್ತಲೇ ಹೊರಟೆವು. ಬೋರಿ ನದಿಯ ದಿಕ್ಕಿಗೆ ಇಳಿಯುವ ಕಚ್ಚಾ ರಸ್ತೆ, ಕೊಯ್ದ ಜೋಳದ ಹೊಲಗಳು. ಹಳ್ಳಿಯ ಹೊರಗೆ ಬೌದ್ಧರಾದ ದಲಿತರ ಓಣಿ, ಹನ್ನೊಂದು ಮನೆ. ಓಣಿಯ ಬಾಯಲ್ಲಿ ನೆಲದ ಮೇಲೆ ಸುಣ್ಣದ ಗೆರೆ ಎಳೆದಿತ್ತು. ಗೆರೆಯ ಹೊರಗೆ ಗಂಡಸರು ನಾಲ್ಕೈದು ಮಂದಿ ಬೀಡಿ ಸೇದುತ್ತ ನಿಂತಿದ್ದರು. ನಮ್ಮ ಚಾಲಕನ ಬಾಯಲ್ಲೂ ಬೀಡಿ ಇತ್ತು. ಅವನು ಗೆರೆ ದಾಟಿದ್ದೇ ತಡ, ಒಳಗಿನಿಂದ ಒಬ್ಬ ಹೆಂಗಸಿನ ದನಿ ಬಂತು.

"ಏ, ಬೀಡಿ ಒಗಿ. ಚೀಟಿ ಓದಾಕ ಬರಂಗಿಲ್ಲೇನು ನಿಮಗ?"

ಆಕೆ ಸಖೂಬಾಯಿ. ಐವತ್ತರ ಸುಮಾರಿನ ವಿಧವೆ, ಬೀಡಿ ಕಟ್ಟುವ ಕೆಲಸದವಳು. ಓಣಿಯ ನಡುವೆ, ಅವಳ ಅಂಗಳದಲ್ಲೇ ನಮ್ಮ ಪೆಟ್ಟಿಗೆ ಇಳಿದಿತ್ತು. ಇಳಿದ ಜಾಗದಿಂದ ಒಂದು ಬೆರಳಿನಷ್ಟೂ ಸರಿದಿರಲಿಲ್ಲ. ಸುತ್ತ ನಾಲ್ಕು ಕೋಲು ನೆಟ್ಟು, ಮೇಲೆ ಕೌದಿ ಕಟ್ಟಿ ನೆರಳು ಮಾಡಿದ್ದರು. ಪೆಟ್ಟಿಗೆಯ ಮೇಲೆ ಒದ್ದೆ ಗೋಣಿಚೀಲ ಹೊದಿಸಿತ್ತು. ಪಕ್ಕದಲ್ಲಿ ಒಂದು ಕೊಡ ನೀರು, ಅದರಲ್ಲಿ ತಂಬಿಗೆ. ಪ್ಯಾರಾಶೂಟನ್ನು ಮಡಚಿ ಮೇಲೆ ಕಲ್ಲಿಟ್ಟಿದ್ದರು. ಮೂವರು ಹೆಂಗಸರು ಸುತ್ತ ಕೂತು ಬೀಡಿ ಕಟ್ಟುತ್ತಲೇ ಕಾವಲಿದ್ದರು.

ಗೌತಮ ಮಾಸ್ತರರು ಬಂದರು. ಅದೇ ಓಣಿಯವರು, ಸಾಲೆಯಲ್ಲಿ ಕಲಿಸುವವರು, ತಾರು ಕೊಟ್ಟವರು ಅವರೇ. ಎತ್ತಿನ ಹಗ್ಗವನ್ನು ಅಡಿಪಟ್ಟಿಯಿಂದ ಅಳೆದು ನೂರಡಿಯ ಗುರುತು ಮಾಡಿ ಸುಣ್ಣದ ಗೆರೆ ಹಾಕಿದ್ದೇವೆಂದು ವರದಿ ಒಪ್ಪಿಸಿದರು. "ಒಂದು ಶಂಕಿ ಇತ್ರಿ ಸರ್," ಎಂದರು. "ಪೆಟಗಿ ನಡುವಿನಿಂದ ಅಳೀಬೇಕೋ ಅಂಚಿನಿಂದ ಅಳೀಬೇಕೋ, ಚೀಟ್ಯಾಗ ಬರದಿಲ್ಲ. ನಾವು ಅಂಚಿನಿಂದ ಅಳದೀವಿ. ಒಂದ್ ಗೇಣು ಹೆಚ್ಚ ಆದ್ರ ಆಗಲಿ ಅಂತ."

ಹನ್ನೊಂದೂ ಮನೆ ಗೆರೆಯ ಒಳಗಿದ್ದವು.

ಮಂಗಳವಾರ ಮಧ್ಯಾಹ್ನದಿಂದ ಆ ಮನೆಗಳಲ್ಲಿ ಒಲೆ ಉರಿದಿರಲಿಲ್ಲ. ಗೆರೆಯ ಹೊರಗೆ ಒಂದು ಬದಿಗೆ ಪಾಟೀಲರ ಮೇವಿನ ಬಣವೆ, ಅಲ್ಲಿ ಬೆಂಕಿ ಮಾಡಲು ಬಿಡುವುದಿಲ್ಲ. ಇನ್ನೊಂದು ಬದಿಗೆ ಹಳ್ಳದ ಬಯಲು. ಅಲ್ಲಿ ಮೂರು ಕಲ್ಲಿಟ್ಟು ಹನ್ನೊಂದು ಮನೆಗೂ ಸೇರಿ ಒಂದು ಒಲೆ ಹೂಡಿದ್ದರು. ಮೊದಲು ಮಕ್ಕಳಿಗೆ ರೊಟ್ಟಿ, ಆಮೇಲೆ ಬಾಣಂತಿಗೆ ಬಿಸಿನೀರು. ದೊಡ್ಡವರು ಚುರುಮುರಿ ತಿಂದು ನೀರು ಕುಡಿದಿದ್ದರು. ಬುಧವಾರ ಮಧ್ಯಾಹ್ನದ ಗಾಳಿಗೆ ಆ ಒಲೆಯೂ ಆರಿತು, ಮತ್ತೆ ಹತ್ತಲಿಲ್ಲ. ಬಾಣಂತಿ ಎಂದರೆ ಸಖೂಬಾಯಿಯ ಮಗಳು, ಹೆತ್ತು ಒಂಬತ್ತು ದಿನ. ಬಿಸಿನೀರಿಲ್ಲದೆ, ಮೈ ಕಾಯಿಸಲು ಕೆಂಡವಿಲ್ಲದೆ ಇಟ್ಟುಕೊಳ್ಳುವುದು ಹೇಗೆಂದು, ಆ ಬಿಸಿಲಿನಲ್ಲೇ ಅವಳನ್ನೂ ಕೂಸನ್ನೂ ಗಾಡಿಯಲ್ಲಿ ಪಕ್ಕದ ಹಳ್ಳಿಯ ಚಿಕ್ಕಮ್ಮನ ಮನೆಗೆ ಕಳಿಸಿದ್ದರು. ಅವಳು ಮಲಗುತ್ತಿದ್ದ ಹೊರಸು ಹಾಗೇ ಇತ್ತು. ಹೊರಸಿನ ಕೆಳಗಿನ ಕೆಂಡದ ಮಡಕೆಯನ್ನು ನಾನು ಬಗ್ಗಿ ಮುಟ್ಟಿ ನೋಡಿದೆ. ಯಾಕೆ ಮುಟ್ಟಿದೆನೋ ತಿಳಿಯದು. ತಣ್ಣಗಿತ್ತು.

ಇದನ್ನೆಲ್ಲ ಮಾಸ್ತರರು ಹೇಳುತ್ತಿರುವಾಗ ಮೇಡಂ ಪೆಟ್ಟಿಗೆಯ ಮುಂದೆ ಕೂತು ಚೀಟಿ ಓದುತ್ತಿದ್ದರು. ಅದನ್ನು ಅವರು ಓದಿದ್ದು ಅದೇ ಮೊದಲ ಸಲ. ತಲೆ ಎತ್ತಿ ನನ್ನನ್ನು ಕೇಳಿದರು:

"ಬೆಂಕಿ ಹಚ್ಚಬಾರದು ಅಂತ ಯಾಕೆ ಬರೆದಿದ್ದೀರಿ? ಇದರಲ್ಲಿ ಹೊತ್ಕೊಳ್ಳೋಂಥದ್ದು ಏನಿದೆ?"

ಮೈಸೂರಿನ ಕನ್ನಡವಾದರೂ ಓಣಿಗೆಲ್ಲ ತಿಳಿಯಿತು. ಏನೂ ಇಲ್ಲ ಎಂದು ನಾನು ಹೇಳಬೇಕಿತ್ತು. ಬಲೂನಿನ ಅನಿಲ ಬಲೂನಿನ ಜೊತೆಗೇ ಹೋಗಿತ್ತು, ಪೆಟ್ಟಿಗೆಯಲ್ಲಿ ಇದ್ದದ್ದು ಮುಳ್ಳು, ಫಿಲ್ಮು, ಬ್ಯಾಟರಿ. ನಾನು ನೆಲ ನೋಡಿದೆ. ಸಾಹೇಬರು ಸಹಿ ಮಾಡಿದವರಾದ್ದರಿಂದ ಅವರೂ ನೆಲ ನೋಡುತ್ತಿದ್ದರು. ಬೀಡಿ ಕಟ್ಟುತ್ತಿದ್ದ ಕೈಗಳು ನಿಂತವು. ಮಾಸ್ತರರು ಹಗ್ಗದ ಸುರುಳಿಯನ್ನು ಈ ಕೈಯಿಂದ ಆ ಕೈಗೆ ತೆಗೆದುಕೊಂಡರು.

ಸಖೂಬಾಯಿ ನನ್ನನ್ನು ನೋಡಿದಳು. ಬಹಳ ಹೊತ್ತಲ್ಲ. ಆಮೇಲೆ ಸೊಸೆಯ ಕಡೆ ತಿರುಗಿದಳು.

"ಹೋಗವಾ, ಒಲಿ ಹಚ್ಚು," ಎಂದಳು. "ಸಾಹೇಬರಿಗೆ ಚಾ ಆಗಲಿ."

ನಲವತ್ತು ಗಂಟೆಯ ಮೇಲೆ ಆ ಓಣಿಯಲ್ಲಿ ಹೊತ್ತಿದ ಮೊದಲ ಬೆಂಕಿಯಲ್ಲಿ ಚಹಾ ಆಯಿತು. ಅದನ್ನು ನಮಗೇ ಕೊಟ್ಟರು. ಇನಾಮದಾರ ಸಾಹೇಬರು ಅಂಗಡಿಯ ಚಹಾ ಕುಡಿದರೂ ಕಂಡವರ ಮನೆಯಲ್ಲಿ ನೀರು ಕೂಡ ಮುಟ್ಟದ ನೇಮದವರು. ಅವತ್ತು ಎರಡು ಕಪ್ ಕುಡಿದರು, ಎರಡನೆಯದನ್ನು ಕೇಳಿ ಹಾಕಿಸಿಕೊಂಡರು. ಇಷ್ಟು ತಡ ಯಾಕಾಯಿತು ಎಂದು ಮಾಸ್ತರರು ಕೇಳಿದಾಗ, ಮೇಲಿನ ಗಾಳಿಯಿಂದ ಅಂದಾಜು ತಪ್ಪಿತು ಎಂದೆ. ಸಾಹೇಬರು ನನ್ನ ಕಡೆ ನೋಡಿದರು.

ಪೆಟ್ಟಿಗೆ ಎತ್ತುವಾಗ ಮೇಡಂ ಗೋಣಿಯ ಕೆಳಗೆ ಕೈಯಿಟ್ಟು ನೋಡಿದರು. ನೀರು ಹಾಕಲು ಹೇಳಿದವರು ಯಾರು ಎಂದು ಕೇಳಿದರು. ಯಾರೂ ಹೇಳಿರಲಿಲ್ಲ. ಬೀಡಿಯ ಎಲೆ ಒಣಗಿದರೆ ಸುರುಳಿ ಮಾಡುವಾಗ ಒಡೆಯುತ್ತದೆ, ಅದಕ್ಕೆ ಯಾವಾಗಲೂ ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಲ್ಲಿ ಇಡುತ್ತಾರೆ. "ಇದೂ ನಾಜೂಕ ಅದ ಅಂತ ಬರದಿತ್ತಲ್ರಿ ಬಾಯಾರ," ಎಂದಳು ಸಖೂಬಾಯಿ. "ನಮಗ ನಾಜೂಕ ಅಂದ್ರ ಎಲಿ ಒಂದ ಗೊತ್ತು. ಹಂಗ ಇಟ್ಟೀವಿ." ಹಗಲೆಲ್ಲ ಗಂಟೆಗೊಮ್ಮೆ ಒಂದು ತಂಬಿಗೆ ನೀರು ಚಿಮುಕಿಸಿದ್ದರು. ಕುಡಿಯುವ ನೀರು, ಹಳ್ಳದ ವರತೆಯಿಂದ ತಲೆಯ ಮೇಲೆ ಹೊತ್ತು ತಂದದ್ದು.

ಸೊಲ್ಲಾಪುರದಲ್ಲಿ ಮದುವೆಯ ಫೋಟೋ ತೆಗೆಯುವವನೊಬ್ಬನ ಕತ್ತಲೆ ಕೋಣೆಯನ್ನು ಬೇಡಿ ಪಡೆದೆವು. ಮೇಡಂ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಸಾಹೇಬರು ಮತ್ತು ನಾನು ಹೊರಗೆ ಬೆಂಚಿನ ಮೇಲೆ ಕೂತೆವು. ಒಂದು ಗಂಟೆ ಹತ್ತು ನಿಮಿಷ. ಫಿಲ್ಮು ಹಿಡಿದು ಹೊರಗೆ ಬಂದ ಅವರು ಅದನ್ನು ಬೆಳಕಿಗೆ ಚಾಚಿದರು. ಮುಳ್ಳು, ಮುಳ್ಳು, ಮುಳ್ಳು, ಪ್ರತಿಯೊಂದು ಚಿತ್ರದಲ್ಲೂ ಸ್ವಚ್ಛವಾಗಿ. ಮಸುಕಾದ ಒಂದು ಚೌಕವೂ ಇರಲಿಲ್ಲ. ಫೋಟೋದವನು ಹಿಂದಿನಿಂದ ಇಣುಕಿ, ಒಂದೇ ಗಡಿಯಾರದ ಫೋಟೋ ಇಷ್ಟು ಸಲ ಯಾಕೆ ತೆಗೆಸಿದಿರಿ, ಒಂದು ಸಾಕಾಗಿತ್ತಲ್ಲ ಎಂದ. ಮೇಡಂ ನಕ್ಕರು. ಆ ವಾರ ಅವರು ನಕ್ಕದ್ದನ್ನು ನಾನು ಕಂಡದ್ದು ಆಗಲೇ. ಶುಕ್ರವಾರ ಬೆಳಿಗ್ಗೆ ಪೆಟ್ಟಿಗೆಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ರೈಲು ಹತ್ತಿದರು.

ಆಮೇಲೆ ನಮ್ಮ ಕೆಲಸದ ರೀತಿಯಲ್ಲಿ ಎರಡು ಬದಲಾವಣೆಯಾದವು. ಬಲೂನು ಬಿಡುವ ದಿನ ಶುಕ್ರ ಎಲ್ಲಿರುತ್ತದೆ ಎಂದು ಪಂಚಾಂಗ ನೋಡಿ ದಾಖಲೆಯ ಮೊದಲ ಸಾಲಿನಲ್ಲೇ ಬರೆಯುವುದು ಒಂದು. ಬೆಂಕಿಯ ಸಾಲು ತೆಗೆದು, ಅಲ್ಲಿ "ನೆರಳು ಮಾಡಿ, ಒದ್ದೆ ಗೋಣಿ ಹೊದಿಸಿ" ಎಂದು ಬರೆಯುವುದು ಇನ್ನೊಂದು. ಎರಡನೆಯದನ್ನು ನಮ್ಮ ಸಂಶೋಧನಾ ಕೇಂದ್ರದವರು ಹೊಸ ವಿಧಾನವೆಂದು ಮೆಚ್ಚಿ, ಯಾವ ತಜ್ಞರ ಸಲಹೆ ಎಂದು ಪತ್ರ ಬರೆದು ಕೇಳಿದರು. ಕುರನೂರ ಹಾದಿಯ ಸಖೂಬಾಯಿ, ಬೀಡಿ ಕಾರ್ಮಿಕರು ಎಂದು ಉತ್ತರಿಸಿದೆ. ಆ ಪತ್ರಕ್ಕೆ ಮರುಪತ್ರ ಬರಲಿಲ್ಲ.

ಮಳೆಗಾಲ ಹಿಡಿದ ಮೇಲೆ ಒಂದು ದಿನ ರಜೆ ಹಾಕಿ, ಎಸ್‌ಟಿ ಬಸ್ಸಿನಲ್ಲಿ ಅಕ್ಕಲಕೋಟಕ್ಕೆ ಬಂದು ಅಲ್ಲಿಂದ ನಡೆದು ಆ ಓಣಿಗೆ ಹೋದೆ. ಬಾಣಂತಿಯನ್ನೂ ಕೂಸನ್ನೂ ಕಣ್ಣಿಂದ ನೋಡಬೇಕಿತ್ತು. ನಾಲ್ಕೇ ದಿನಕ್ಕೆ ತಿರುಗಿ ಬಂದರೆಂದು ಮಾಸ್ತರರು ಕಾಗದ ಬರೆದಿದ್ದರು, ಆದರೂ ಕಾಣದೆ ನಂಬುವುದನ್ನು ಬಿಟ್ಟಿದ್ದೆ. ಕೂಸು ಹೊರಸಿನ ಮೇಲೆ ಕಾಲು ಬಡಿಯುತ್ತಿತ್ತು. ಸಖೂಬಾಯಿ ಮೊಣಕಾಲ ಮೇಲೆ ಮೊರವಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಕೂಡ್ರು ಎಂದಳು. ಕೂತೆ. ಗಾಳಿಯದೇನೂ ತಪ್ಪಿರಲಿಲ್ಲ ಎಂದು ಶುರು ಮಾಡಿ, ಕಾಗೆಯಿಂದ ಹಿಡಿದು ಮಂಗಳವೇಢೆಯ ಚಹಾದವರೆಗೆ ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಅವಳ ಸೊಸೆ ಬಾಯಿಗೆ ಸೆರಗು ಹಿಡಿದು ಒಳಗೆ ಓಡಿದಳು.

"ಅಂದ್ರ ನೀ ಬೆಳ್ಳಿ ಚುಕ್ಕಿ ಬೆನ್ನ ಹತ್ತಿ ಹ್ವಾದಿ," ಎಂದಳು ಸಖೂಬಾಯಿ. "ನಾವು ಇಲ್ಲಿ ಚುರುಮುರಿ ತಿಂದಿವಿ."

"ಹೌದ್ರಿ."

"ಇದನ್ನ ಹೇಳಾಕ ಇಷ್ಟ ದೂರ ಬಂದಿ?"

ಇನ್ನೂ ಒಂದು ಹೇಳುವುದಿದೆ ಎಂದೆ. ಪೆಟ್ಟಿಗೆಯೊಳಗಿನ ಯಂತ್ರ ರಾಕೆಟ್ಟಿನಲ್ಲಿ ಏರಿತು. ಬಲೂನು ಹೋದದ್ದಕ್ಕಿಂತ ಬಹಳ ಮೇಲೆ, ಗಾಳಿ ಇದೆಯೋ ಇಲ್ಲವೋ ಅನ್ನುವ ಜಾಗಕ್ಕೆ. ಐದು ನಿಮಿಷ ನಲವತ್ತು ಸೆಕೆಂಡು, ಒಂದು ಕ್ಷಣವೂ ತಡವರಿಸದೆ ಎಲ್ಲವನ್ನೂ ಹೇಳಿತು. ಈ ಸಲ ಪೆನ್ನಿನಲ್ಲಿ ಶಾಯಿ ಇತ್ತು, ಗೆರೆಗಳನ್ನು ನಾನೇ ಕಣ್ಣಾರೆ ಕಂಡೆ. ಮೇಡಂ ಮೂರು ವರ್ಷ ಕಾದದ್ದು ಸಾರ್ಥಕವಾಯಿತು.

ಅವಳ ಮುಖ ಅರಳಿತು. ಕೈಯಲ್ಲಿದ್ದ ಬೀಡಿಗೆ ನೂಲು ಸುತ್ತಿ ಮೊರದಲ್ಲಿ ಹಾಕಿದಳು.

"ಈಗ ಎಲ್ಲಿ ಇಟ್ಟೀರಿ ಅದನ್ನ?"

"ಸಮುದ್ರದಾಗ ಬಿತ್ರಿ."

"ತಗದ್ರೇನು?"

"ಇಲ್ರಿ. ತಗ್ಯಾಕ ಬರಂಗಿಲ್ಲ. ಅದು ಹಂಗ ಇರ್ತದ. ಮ್ಯಾಲ ಹೋಗಿ ಹೇಳೂದ ಹೇಳಿ ಸಮುದ್ರದಾಗ ಬೀಳೂದು."

ಮತ್ತೊಂದು ಎಲೆ ತೆಗೆದುಕೊಂಡಳು. ಅಂಚು ಕತ್ತರಿಸಿದಳು, ತಂಬಾಕು ಹಾಕಿದಳು, ಸುತ್ತಿದಳು, ತುದಿ ಮಡಚಿದಳು. ನಾನು ಕಾಯುತ್ತ ಕೂತಿದ್ದೆ.

"ಅದರ ಮ್ಯಾಲ ಚೀಟಿ ಹಚ್ಚಿದ್ದೇನು?" ಎಂದಳು.

"ಇಲ್ರಿ."

"ಛಲೋ ಆತು ಬಿಡು," ಎಂದಳು. "ಮೀನಾದ್ರೂ ಉಂಡು ಮಲಗ್ಲಿ."